ಕೃಪೆ ಹೋಗಿ ಹಕ್ಕು ಬಂತೇ? ಕೊಡಗಿನಲ್ಲಿ ನಿಂತು ಸಂವಿಧಾನದ ಪೀಠಿಕೆ ಓದುವಾಗ

ಭಾರತದ ಸಂವಿಧಾನದ ಇಂದಿನ ಪ್ರತಿಯಲ್ಲಿ 242ನೇ ವಿಧಿಯ ಜಾಗ ಖಾಲಿ ಇದೆ. 1950ರ ಜನವರಿ 26ರಂದು ಜಾರಿಗೆ ಬಂದ ಮೂಲ ಪ್ರತಿಯಲ್ಲಿ ಆ ವಿಧಿಗೆ ಇದ್ದ ತಲೆಬರಹ ‘ಕೊಡಗು’. ಸಂಸತ್ತು ಬೇರೆ ಕಾನೂನು ಮಾಡುವವರೆಗೆ ಕೊಡಗಿನ ಶಾಸನ ಪರಿಷತ್ತು ಹಿಂದಿದ್ದಂತೆಯೇ ನಡೆದುಕೊಂಡು ಹೋಗಲಿ ಎಂಬುದು ಅದರ ಸಾರ. 395 ವಿಧಿಗಳ ಗ್ರಂಥದಲ್ಲಿ ಎರಡು ಲಕ್ಷ ಚಿಲ್ಲರೆ ಜನಸಂಖ್ಯೆಯ ಒಂದು ಪುಟ್ಟ ಸೀಮೆಗೆ ಅದರದೇ ಹೆಸರಿನ ವಿಧಿ ಇತ್ತು ಎನ್ನುವುದು ಇಲ್ಲಿಯ ಬಹಳ ಮಂದಿಗೆ ಗೊತ್ತಿಲ್ಲ. 1956ರ ಏಳನೇ ತಿದ್ದುಪಡಿ ಅದನ್ನು ತೆಗೆದುಹಾಕಿತು.

ಸಂವಿಧಾನ ರಚನಾ ಸಭೆಯಲ್ಲೂ ಕೊಡಗಿಗೆ ಜಾಗವಿತ್ತು, ಒಂದೇ ಒಂದು. ಹತ್ತು ಲಕ್ಷ ಜನಕ್ಕೆ ಒಬ್ಬ ಪ್ರತಿನಿಧಿ ಎಂಬ ಲೆಕ್ಕ ಹಿಡಿದಿದ್ದರೆ ಅದೂ ದಕ್ಕುತ್ತಿರಲಿಲ್ಲ. 1946ರ ಕ್ಯಾಬಿನೆಟ್ ಮಿಷನ್ ಯೋಜನೆ ಚೀಫ್ ಕಮಿಷನರ್ ಆಳ್ವಿಕೆಯ ಪ್ರಾಂತ್ಯಗಳಿಗೆ ಪ್ರತ್ಯೇಕ ಏರ್ಪಾಡು ಮಾಡಿ, ಕೊಡಗಿನ ಶಾಸನ ಪರಿಷತ್ತು ಒಬ್ಬರನ್ನು ಆರಿಸಿ ಕಳುಹಿಸಬಹುದು ಎಂದಿತು. ಹಾಗೆ ದೆಹಲಿಗೆ ಹೋದವರು ಸಿ.ಎಂ. ಪೂಣಚ್ಚ. ಆದರೆ ಅವರನ್ನು ಆರಿಸಿದ ಪರಿಷತ್ತಿಗೆ ಮತ ಹಾಕುವ ಅರ್ಹತೆ ಇದ್ದದ್ದು ಆಸ್ತಿ, ಕಂದಾಯ ಇದ್ದವರಿಗೆ. ತೋಟದ ಆಳಿಗೆ, ಆದಿವಾಸಿ ಹಾಡಿಯ ಜೇನುಕುರುಬನಿಗೆ, ಗದ್ದೆಯಲ್ಲಿ ನಾಟಿ ನೆಡುವ ಯರವ ಹೆಂಗಸಿಗೆ ಅದರಲ್ಲಿ ಮಾತಿರಲಿಲ್ಲ. ಮಾತಿಲ್ಲದ ಅವರನ್ನೂ ಸೇರಿಸಿಕೊಂಡೇ ಆ ಸಭೆ ‘ಭಾರತದ ಪ್ರಜೆಗಳಾದ ನಾವು’ ಎಂದು ಬರೆಯಿತು. ಸಂವಿಧಾನದ ದೊಡ್ಡತನವೂ ಅದು ಇಂದಿಗೂ ಉಳಿಸಿಕೊಂಡಿರುವ ಬಾಕಿಯೂ ಆ ‘ನಾವು’ ಎಂಬುದರಲ್ಲೇ ಇವೆ.

ಈಗ ಪೀಠಿಕೆಯ ಕಾಲ. 2023ರಿಂದ ಕರ್ನಾಟಕದ ಶಾಲೆಗಳಲ್ಲಿ ಮಕ್ಕಳು ಅದನ್ನು ಓದುತ್ತಿದ್ದಾರೆ. 2024ರ ಆರಂಭದಲ್ಲಿ ಸಂವಿಧಾನ ಜಾಗೃತಿ ಜಾಥಾ ರಾಜ್ಯದ ಹಳ್ಳಿಗಳನ್ನು ಸುತ್ತಿತು. ಇನ್ನೊಂದು ಕಡೆ, ಪೀಠಿಕೆಗೆ 1976ರಲ್ಲಿ ಸೇರಿದ ‘ಸಮಾಜವಾದಿ’, ‘ಜಾತ್ಯತೀತ’ ಎಂಬ ಪದಗಳು ಇರಬೇಕೇ ಬೇಡವೇ ಎಂಬ ಚರ್ಚೆ ಸುಪ್ರೀಂ ಕೋರ್ಟ್ 2024ರ ನವೆಂಬರ್ 25ರಂದು ಅರ್ಜಿಗಳನ್ನು ವಜಾ ಮಾಡಿದ ಮೇಲೂ ನಿಂತಿಲ್ಲ. ಕೊಡಗಿನಲ್ಲಂತೂ ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ವಿಧಿ ಇದೆ. ರಾಜರ ಕಾಲದಿಂದ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯವರದು ಒಂದು, ಕೋವಿ ಇಟ್ಟುಕೊಂಡವರದು ಒಂದು, ಸ್ವಾಯತ್ತತೆ ಕೇಳುವವರದು ಒಂದು, ದೇವಸ್ಥಾನದ ಆಡಳಿತದವರದು ಮತ್ತೊಂದು, ಹಾಡಿಯವರದು ಇನ್ನೊಂದು. ಇವರೆಲ್ಲರ ಕೈಯ ವಿಧಿಗಳನ್ನು ಒಟ್ಟಿಗೆ ಇಟ್ಟು, ಇಡೀ ಸಂವಿಧಾನ ಹುಟ್ಟಿದ್ದು ಯಾವ ಉದ್ದೇಶಕ್ಕೆ ಎಂದು ಕೇಳಿದರೆ ನನಗೆ ಹೊಳೆಯುವ ಉತ್ತರ ಇಷ್ಟೆ: ಈ ದೇಶದಲ್ಲಿ ಯಾರೂ ಇನ್ನೊಬ್ಬರ ಕೃಪೆಯಲ್ಲಿ ಬದುಕಬಾರದು. ರಾಜನ ಕೃಪೆಯೂ ಬೇಡ, ಸರ್ಕಾರದ ಕೃಪೆಯೂ ಬೇಡ, ಸಾಹುಕಾರರ ಕೃಪೆಯೂ ಬೇಡ. ಈ ಅಳತೆಗೋಲು ಹಿಡಿದು ಕೊಡಗನ್ನು ನೋಡಬೇಕೆಂದು ಈ ಲೇಖನ.

ಯಾರ ಇಚ್ಛೆ?

1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡಾಗ ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ಫ್ರೇಸರ್ ಒಂದು ಘೋಷಣೆ ಹೊರಡಿಸಿದ. ಬ್ರಿಟಿಷ್ ಸರ್ಕಾರದ ರಕ್ಷಣೆಗೆ ಒಳಪಡಬೇಕೆಂಬುದು ಕೊಡಗಿನ ನಿವಾಸಿಗಳ ಸರ್ವಾನುಮತದ ಇಚ್ಛೆ, ಆದ್ದರಿಂದ ಈ ನಾಡನ್ನು ಕಂಪನಿಯ ಆಳ್ವಿಕೆಗೆ ಸೇರಿಸಿಕೊಳ್ಳಲಾಗಿದೆ ಎಂದು ಅದರಲ್ಲಿ ಬರೆದಿತ್ತು. ಆ ಸರ್ವಾನುಮತ ಎಷ್ಟು ಗಟ್ಟಿಯಾಗಿತ್ತು ಎಂಬುದು ಮೂರೇ ವರ್ಷಕ್ಕೆ ಗೊತ್ತಾಯಿತು. 1837ರಲ್ಲಿ ಅಮರಸುಳ್ಯದ ರೈತರು ದಂಗೆ ಎದ್ದು ಮಂಗಳೂರಿನವರೆಗೆ ನುಗ್ಗಿದರು. ದಂಗೆ ಅಡಗಿದ ಮೇಲೆ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಲಾಯಿತು.

ಜನರ ಹೆಸರಿನಲ್ಲಿ ಆಳುವುದಕ್ಕೂ ಜನರೇ ಆಳುವುದಕ್ಕೂ ಇರುವ ಅಂತರ ತಿಳಿಯಲು ಕೊಡಗಿನವರು ಬೇರೆ ಉದಾಹರಣೆ ಹುಡುಕಬೇಕಿಲ್ಲ. 1946ರ ಡಿಸೆಂಬರ್ 13ರಂದು ಜವಾಹರಲಾಲ್ ನೆಹರೂ ಮಂಡಿಸಿ, 1947ರ ಜನವರಿ 22ರಂದು ಸಭೆ ಒಪ್ಪಿದ ಧ್ಯೇಯಗಳ ನಿರ್ಣಯ ಇಲ್ಲಿ ಮುಖ್ಯವಾಗುತ್ತದೆ. ಸ್ವತಂತ್ರ ಭಾರತದ, ಅದರ ಭಾಗಗಳ, ಅದರ ಆಡಳಿತದ ಎಲ್ಲ ಅಂಗಗಳ ಅಧಿಕಾರವೂ ಜನರಿಂದಲೇ ಬಂದದ್ದು ಎಂದು ಅದು ಸಾರಿತು. ಅಲ್ಪಸಂಖ್ಯಾತರಿಗೆ, ಹಿಂದುಳಿದ ಮತ್ತು ಬುಡಕಟ್ಟು ಪ್ರದೇಶಗಳಿಗೆ, ದಮನಿತ ವರ್ಗಗಳಿಗೆ ಸಾಕಷ್ಟು ರಕ್ಷಣೆ ಇರಬೇಕು ಎಂದು ಆಗಲೇ ಹೇಳಿತು. ಪೀಠಿಕೆ ಹುಟ್ಟಿದ್ದು ಈ ನಿರ್ಣಯದ ಹೊಟ್ಟೆಯಿಂದ.

ಅಧಿಕಾರದ ಮೂಲ ಯಾವುದು ಎಂಬ ಪ್ರಶ್ನೆ ಸಭೆಯಲ್ಲಿ ಮತಕ್ಕೂ ಬಿತ್ತು. 1949ರ ಅಕ್ಟೋಬರ್ 17ರಂದು ಪೀಠಿಕೆ ಚರ್ಚೆಗೆ ಬಂದಾಗ ಮಂಗಳೂರು ಮೂಲದ ಹರಿ ವಿಷ್ಣು ಕಾಮತ್ ಅದು ‘ದೇವರ ಹೆಸರಿನಲ್ಲಿ’ ಎಂದು ಶುರುವಾಗಲಿ ಎಂದು ತಿದ್ದುಪಡಿ ತಂದರು. ಪರವಾಗಿ 41, ವಿರೋಧವಾಗಿ 68 ಮತಗಳು ಬಿದ್ದವು. ವಿರೋಧಿಸಿದವರಲ್ಲಿ ಗಾಢ ದೈವಭಕ್ತರೂ ಇದ್ದರು. ನಂಬುವವರು, ನಂಬದವರು, ಬೇರೆ ಬೇರೆ ದೇವರನ್ನು ನಂಬುವವರು ಎಲ್ಲರೂ ತಮ್ಮದೆಂದು ಹೇಳಿಕೊಳ್ಳುವ ದಾಖಲೆ ಬೇಕೆಂದರೆ ಅದರ ಮೊದಲ ಪದ ಮನುಷ್ಯರದೇ ಆಗಿರಬೇಕಿತ್ತು. ‘ಜಾತ್ಯತೀತ’ ಎಂಬ ಪದ 1976ರಲ್ಲಿ ಸೇರಿತು, ನಿಜ. ಆ ಪದದ ಹಿಂದಿನ ತೀರ್ಮಾನ ಮಾತ್ರ ಆ ಅಕ್ಟೋಬರ್ ದಿನದಷ್ಟು ಹಳೆಯದು ಎಂದೇ ನಾನು ತಿಳಿದಿದ್ದೇನೆ.

ಇಪ್ಪತ್ತನಾಲ್ಕರಿಂದ ಎರಡಕ್ಕೆ

1950ರಲ್ಲಿ ಕೊಡಗು ‘ಸಿ’ ವರ್ಗದ ರಾಜ್ಯವಾಯಿತು. 1952ರ ಮೊದಲ ಚುನಾವಣೆಯಲ್ಲಿ ವಯಸ್ಸಿಗೆ ಬಂದ ಪ್ರತಿಯೊಬ್ಬರಿಗೂ ಮತದ ಹಕ್ಕು ಸಿಕ್ಕಿತು. 24 ಸ್ಥಾನಗಳ ವಿಧಾನಸಭೆಯಲ್ಲಿ ಕಾಂಗ್ರೆಸ್ 15, ಪಕ್ಷೇತರರು 9 ಸ್ಥಾನ ಗೆದ್ದರು. ಪೂಣಚ್ಚ ಮುಖ್ಯಮಂತ್ರಿಯಾದರು. ಗಾಂಧೀವಾದಿ ಪಂದ್ಯಂಡ ಬೆಳ್ಯಪ್ಪನವರ ಬೆಂಬಲದ ತಕ್ಕಡಿ ಗುಂಪು ಕೊಡಗು ಪ್ರತ್ಯೇಕವಾಗಿಯೇ ಉಳಿಯಬೇಕೆಂದು ಪಟ್ಟು ಹಿಡಿದಿತ್ತು. ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿಯ ನಂತರ, 1956ರ ನವೆಂಬರ್ 1ರಂದು, ಕೊಡಗು ಮೈಸೂರು ರಾಜ್ಯದಲ್ಲಿ ಒಂದು ಜಿಲ್ಲೆಯಾಗಿ ಸೇರಿತು.

ಇಂದಿಗೂ ಇಲ್ಲಿಯ ಹಿರಿಯರ ಮಾತಿನಲ್ಲಿ ಆ ನೋವು ಇದೆ. ಕೊಡಗಿನವರನ್ನು ಕೇಳದೆ ಹೇಗೆ ಸೇರಿಸಿದರು ಎಂಬ ಪ್ರಶ್ನೆಗೆ ಸಂವಿಧಾನದ 3ನೇ ವಿಧಿ ಕಠಿಣವಾದ ಉತ್ತರ ಕೊಡುತ್ತದೆ. ಹೊಸ ರಾಜ್ಯ ರಚಿಸುವುದು, ಗಡಿ ಬದಲಿಸುವುದು, ಹೆಸರು ಬದಲಿಸುವುದು ಎಲ್ಲವೂ ಸಂಸತ್ತಿನ ಕೈಯಲ್ಲಿದೆ. ರಾಷ್ಟ್ರಪತಿಯ ಶಿಫಾರಸು ಬೇಕು, ರಾಜ್ಯದ ಶಾಸಕಾಂಗದ ಅಭಿಪ್ರಾಯ ಕೇಳಬೇಕು, ಆದರೆ ಆ ಅಭಿಪ್ರಾಯದಂತೆ ನಡೆಯಲೇಬೇಕೆಂಬ ಕಟ್ಟುಪಾಡಿಲ್ಲ. 1959ರಲ್ಲಿ ಬಾಬುಲಾಲ್ ಪರಾತೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಖಚಿತಪಡಿಸಿತು. ದೇಶ ವಿಭಜನೆಯ ರಕ್ತ ಆರದ ದಿನಗಳಲ್ಲಿ ಒಕ್ಕೂಟ ಒಡೆಯಬಾರದು ಎಂಬ ಭಯದಲ್ಲಿ ಬರೆದ ವಿಧಿ ಇದು. ಆ ಭಯ ನನಗೆ ಅರ್ಥವಾಗುತ್ತದೆ. ಆದರೂ ಸಣ್ಣ ಪ್ರದೇಶವೊಂದರ ಸ್ಥಾನಮಾನ ದೆಹಲಿಯ ಇಚ್ಛೆಗೆ ಬಿಟ್ಟ ವಿಷಯವಾಗಿ ಉಳಿದ ಮಟ್ಟಿಗೆ ಸಂವಿಧಾನದೊಳಗೂ ಕೃಪೆಗೆ ಒಂದು ಮೂಲೆ ಇದೆ ಎಂದು ಒಪ್ಪಿಕೊಳ್ಳಬೇಕು.

ಪ್ರಾತಿನಿಧ್ಯದ ಲೆಕ್ಕವನ್ನೂ ನೋಡೋಣ. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಎಂದು ಮೂರಿದ್ದ ವಿಧಾನಸಭಾ ಕ್ಷೇತ್ರಗಳು 2008ರಲ್ಲಿ ಎರಡಾದವು. ಲೋಕಸಭೆಗೆ ಮಂಗಳೂರಿನ ಜತೆ ಇದ್ದ ಕೊಡಗು ಮೈಸೂರಿನ ಜತೆ ಸೇರಿತು. ಇದು ಅನ್ಯಾಯ ಎಂಬ ಮಾತು ಇಲ್ಲಿ ಎಲ್ಲ ಪಕ್ಷದವರ ಬಾಯಲ್ಲೂ ಬರುತ್ತದೆ. 2011ರ ಜನಗಣತಿಯಂತೆ ಕೊಡಗಿನ ಜನಸಂಖ್ಯೆ 5,54,519. ಇಬ್ಬರು ಶಾಸಕರೆಂದರೆ ತಲಾ 2.77 ಲಕ್ಷ ಜನ. ಇಡೀ ರಾಜ್ಯದ 6.11 ಕೋಟಿಯನ್ನು 224ರಿಂದ ಭಾಗಿಸಿದರೆ ಸಿಗುವುದು 2.73 ಲಕ್ಷ. ಒಬ್ಬರಿಗೆ ಒಂದು ಮತ, ಎಲ್ಲ ಮತಕ್ಕೂ ಒಂದೇ ಬೆಲೆ ಎಂಬ ತತ್ತ್ವ ಇಲ್ಲಿ ಹೆಚ್ಚುಕಡಿಮೆ ತೂಕ ತಪ್ಪದೆ ಪಾಲನೆಯಾಗಿದೆ. ಆದ್ದರಿಂದ ದೂರು ಹೇಳುವಾಗ ಎಚ್ಚರ ಬೇಕು: ಕೊಡಗಿನ ಮತದಾರರ ಮತಕ್ಕೆ ಬೆಲೆ ಕಡಿಮೆಯಾಗಿಲ್ಲ, ಕೊಡಗು ಎಂಬ ಘಟಕದ ದನಿ ಕ್ಷೀಣಿಸಿದೆ. ಇವು ಎರಡು ಬೇರೆ ಸಂಗತಿಗಳು. ಮೊದಲನೆಯದನ್ನು ಸಂವಿಧಾನ ಎಲ್ಲರಿಗೂ ಕೊಟ್ಟಿದೆ. ಎರಡನೆಯದನ್ನು ಕೆಲವು ಪ್ರದೇಶಗಳಿಗೆ ಮಾತ್ರ ಕೊಟ್ಟಿದೆ. ಕಲ್ಯಾಣ ಕರ್ನಾಟಕಕ್ಕಿರುವ 371 ಜೆ ವಿಧಿ ಮತ್ತು ಈಶಾನ್ಯದ ಬುಡಕಟ್ಟು ಪ್ರದೇಶಗಳಿಗೆ ಸ್ವಾಯತ್ತ ಆಡಳಿತ ಕೊಡುವ ಆರನೇ ಪರಿಚ್ಛೇದ ಅಂಥವು.

ಕೊಡವ ನ್ಯಾಷನಲ್ ಕೌನ್ಸಿಲ್ ದಶಕಗಳಿಂದ ಕೇಳುತ್ತಿರುವ ಸ್ವಾಯತ್ತ ಪ್ರದೇಶದ ಬೇಡಿಕೆ ಬರುವುದು ಇಲ್ಲಿಯೇ. ಆರನೇ ಪರಿಚ್ಛೇದ ಇಂದು ಅನ್ವಯಿಸುವುದು ಅಸ್ಸಾಂ, ಮೇಘಾಲಯ, ತ್ರಿಪುರಾ, ಮಿಜೋರಾಂಗಳಿಗೆ ಮಾತ್ರ. ಕೊಡಗಿಗೆ ಅಂಥದ್ದು ಬರಬೇಕಾದರೆ ಸಂಸತ್ತು ಮನಸ್ಸು ಮಾಡಬೇಕು. ಬೇಡಿಕೆಯನ್ನು ದೇಶವಿರೋಧಿ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಸಂವಿಧಾನದ ದಾರಿಯಲ್ಲೇ ನಡೆದು ಸಂವಿಧಾನದಲ್ಲಿ ಜಾಗ ಕೇಳುವುದು ಪ್ರಜೆಯ ಹಕ್ಕು. ಆದರೆ ಅಂಥ ಪ್ರದೇಶದಲ್ಲಿ ಅರೆಭಾಷೆ ಗೌಡರು, ಯರವರು, ಕುಡಿಯರು, ಮಾಪಿಳ್ಳೆಗಳು, ಮಲಯಾಳಿಗಳು, ಹೋಬಳಿ ಹೋಬಳಿಗೂ ಇರುವ ದಲಿತರು ಏನಾಗಿರುತ್ತಾರೆ ಎಂಬುದಕ್ಕೆ ಬೇಡಿಕೆಯೊಳಗೇ ಸ್ಪಷ್ಟ ಉತ್ತರ ಇರಬೇಕು. ಇಲ್ಲವಾದರೆ ದೆಹಲಿಯ ಕೃಪೆಯಿಂದ ಬಿಡಿಸಿಕೊಂಡವರು ಇನ್ನೊಬ್ಬರನ್ನು ತಮ್ಮ ಕೃಪೆಗೆ ಒಳಪಡಿಸಿದಂತಾಗುತ್ತದೆ.

ಕೋವಿ ಮತ್ತು ಕಾರಣ

ವಿಶೇಷ ಹಕ್ಕುಗಳ ಬಗ್ಗೆ ಸಂವಿಧಾನದ ಧೋರಣೆ ಏನು ಎಂಬುದಕ್ಕೆ ಕೋವಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಕೈಲ್‌ಪೊಳ್ದ್ ಹಬ್ಬಕ್ಕೆ ಹೂ ಮುಡಿಸಿ ಪೂಜಿಸುವ, ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಗುಂಡು ಹಾರಿಸುವ ಕೋವಿಗೆ 1861ರಿಂದ ಪರವಾನಗಿಯ ವಿನಾಯಿತಿ ಇದೆ. ದೇಶವನ್ನೆಲ್ಲ ನಿಶ್ಶಸ್ತ್ರಗೊಳಿಸುತ್ತಿದ್ದ ಬ್ರಿಟಿಷರು ಕೊಡವರ ನಿಷ್ಠೆ ಮೆಚ್ಚಿ ಕೊಟ್ಟ ವಿನಾಯಿತಿ ಅದು, ಅಂದರೆ ಶುದ್ಧ ಕೃಪೆ. ಸ್ವತಂತ್ರ ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 41ನೇ ಪ್ರಕರಣದಡಿ ಅದು ಮುಂದುವರಿಯಿತು. 2019ರ ಅಧಿಸೂಚನೆ ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಅದನ್ನು 2029ರವರೆಗೆ ವಿಸ್ತರಿಸಿತು. ಹುಟ್ಟಿನ ಮತ್ತು ಭೂಹಿಡುವಳಿಯ ಆಧಾರದಲ್ಲಿ ಹೀಗೆ ಕೊಡುವುದು 14ನೇ ವಿಧಿಯ ಸಮಾನತೆಗೆ ವಿರುದ್ಧ ಎಂದು ಒಬ್ಬರು ಹೈಕೋರ್ಟಿಗೆ ಹೋದರು. 2021ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು.

ತೀರ್ಪಿನ ಫಲಕ್ಕಿಂತ ಅದರ ದಾರಿ ನನಗೆ ಮುಖ್ಯವಾಗಿ ಕಾಣುತ್ತದೆ. ಎಲ್ಲರನ್ನೂ ಒಂದೇ ಅಚ್ಚಿಗೆ ಹಾಕಬೇಕೆಂದು 14ನೇ ವಿಧಿ ಹೇಳುವುದಿಲ್ಲ. ಒಂದು ಗುಂಪನ್ನು ಬೇರೆಯಾಗಿ ಕಾಣುವುದಾದರೆ ಸ್ಪಷ್ಟವಾದ ಕಾರಣ ಇರಬೇಕು, ಆ ಕಾರಣಕ್ಕೂ ಕಾನೂನಿನ ಉದ್ದೇಶಕ್ಕೂ ಸಂಬಂಧವಿರಬೇಕು ಎನ್ನುತ್ತದೆ. ಕೊಡವರ ಸಾಂಸ್ಕೃತಿಕ, ಸೈನಿಕ ಪರಂಪರೆ, ವಿನಾಯಿತಿಗೆ ಇರುವ ಕಾಲಮಿತಿ, ಅದಕ್ಕಿರುವ ಷರತ್ತುಗಳು ಇವನ್ನೆಲ್ಲ ನ್ಯಾಯಾಲಯ ತೂಗಿ ನೋಡಿತು. 1861ರಲ್ಲಿ ವಿನಾಯಿತಿ ಕೊಟ್ಟವರು ಯಾರಿಗೂ ಕಾರಣ ಹೇಳಬೇಕಾಗಿರಲಿಲ್ಲ. 2021ರಲ್ಲಿ ಸರ್ಕಾರ ಒಬ್ಬ ಸಾಮಾನ್ಯ ಅರ್ಜಿದಾರರ ಮುಂದೆ ನಿಂತು ಕಾರಣ ಹೇಳಬೇಕಾಯಿತು.

ಜಮ್ಮಾ ಭೂಮಿಯ ಕಥೆ ಇಷ್ಟು ಸಲೀಸಾಗಿಲ್ಲ. ಪಹಣಿಯಲ್ಲಿ ಎಂದೋ ತೀರಿಕೊಂಡ ಪಟ್ಟೆದಾರನ ಹೆಸರು, ಅನುಭವದಲ್ಲಿ ಐನ್‌ಮನೆ ಎಂಬ ಕುಲದ ಮೂಲಮನೆಯ ಹತ್ತಾರು ಸಂಸಾರ, ಬ್ಯಾಂಕಿಗೆ ಹೋದರೆ ಸಾಲವಿಲ್ಲ, ಮಾರಲು ಹೋದರೆ ತಕರಾರು. ರಾಜರ ಕಾಲದ ಅನುಗ್ರಹವೊಂದನ್ನು ಇಂದಿನ ಆಸ್ತಿಹಕ್ಕಿನ ಭಾಷೆಗೆ ತರಲು ರಾಜ್ಯ ಇನ್ನೂ ಒದ್ದಾಡುತ್ತಿದೆ. ಅದರ ಕಾನೂನು ತೊಡಕುಗಳು ಬೇರೆಯದೇ ಲೇಖನಕ್ಕೆ ಸಾಲುವಷ್ಟಿವೆ.

ಲೈನ್ ಮನೆಯ ವಿಳಾಸ

ಜಮ್ಮಾ, ಕೋವಿ, ಸ್ವಾಯತ್ತತೆ ಇವು ಪತ್ರಿಕೆಗಳಲ್ಲಿ ಜಾಗ ಪಡೆಯುವ ಪ್ರಶ್ನೆಗಳು. ಪೀಠಿಕೆಯ ನಿಜವಾದ ಪರೀಕ್ಷೆ ನಡೆಯುವುದು ಕಾಫಿ ತೋಟದ ಲೈನ್ ಮನೆಯಲ್ಲಿ. ನೋಡದವರಿಗಾಗಿ ಹೇಳುತ್ತೇನೆ: ಒಂದೇ ಉದ್ದನೆಯ ಸೂರಿನ ಕೆಳಗೆ ಸಾಲಾಗಿ ಮನೆಗಳು, ಎರಡು ಸಂಸಾರಗಳ ನಡುವೆ ಒಂದೇ ಗೋಡೆ. ಒಳಗೆ ಒಂದು ಕೋಣೆ, ಹಿಂದೆ ಹೊಗೆ ಹಿಡಿದ ಅಡುಗೆ ಜಾಗ. ಅಂಗಳದಲ್ಲಿ ಎಲ್ಲರಿಗೂ ಸೇರಿ ಒಂದು ನಲ್ಲಿ. ರೈಟರ್ ಇಟ್ಟಿರುವ ಚೆಕ್‌ರೋಲಿನಲ್ಲಿ ಹಾಜರಿ, ಅದರ ಪಕ್ಕದ ಇನ್ನೊಂದು ಪುಸ್ತಕದಲ್ಲಿ ಮುಂಗಡದ ಲೆಕ್ಕ. ಮದುವೆಗೆ ತೆಗೆದುಕೊಂಡದ್ದು, ಆಸ್ಪತ್ರೆಗೆ ತೆಗೆದುಕೊಂಡದ್ದು, ಹಬ್ಬಕ್ಕೆ ತೆಗೆದುಕೊಂಡದ್ದು ಎಲ್ಲ ಅಲ್ಲಿ ಬರೆದಿರುತ್ತದೆ. ಬಟವಾಡೆಯ ದಿನ ಅಷ್ಟಿಷ್ಟು ಮುರಿದುಕೊಂಡು ಉಳಿದದ್ದು ಕೈಗೆ ಬರುತ್ತದೆ. ಮುಂಗಡ ತೀರುವವರೆಗೆ ಬೇರೆ ತೋಟಕ್ಕೆ ಹೋಗುವ ಹಾಗಿಲ್ಲ ಎಂಬುದು ಎಲ್ಲೂ ಬರೆದಿಲ್ಲದ, ಎಲ್ಲರಿಗೂ ಗೊತ್ತಿರುವ ನಿಯಮ.

ಒಳ್ಳೆಯ ಸಾಹುಕಾರರು ಇಲ್ಲವೆಂದಲ್ಲ. ಆಳುಗಳ ಮಕ್ಕಳ ಶಾಲೆ ಫೀಸು ಕಟ್ಟುವವರು, ನಡುರಾತ್ರಿ ತಮ್ಮ ಜೀಪಿನಲ್ಲೇ ಹೆರಿಗೆಗೆ ಕರೆದೊಯ್ಯುವವರು ಇದ್ದಾರೆ. ಬೆಲೆ ಬಿದ್ದಾಗ, ಅಕಾಲಿಕ ಮಳೆಗೆ ಕಾಯಿ ಉದುರಿದಾಗ ಸಣ್ಣ ಬೆಳೆಗಾರರ ಪಾಡು ಆಳಿನ ಪಾಡಿಗಿಂತ ಬಹಳ ಮೇಲೇನೂ ಇರುವುದಿಲ್ಲ. ಆದರೆ ಸಾಹುಕಾರರು ಒಳ್ಳೆಯವರಾದರೆ ಮಾತ್ರ ಬದುಕು ನೆಟ್ಟಗೆ ಎನ್ನುವ ಸ್ಥಿತಿಯೇ ಸಂವಿಧಾನ ಕೊನೆಗಾಣಿಸಲು ಹೊರಟ ಸ್ಥಿತಿ. ಕೆಲಸ ಬಿಟ್ಟ ದಿನ ಸೂರೂ ಹೋಗುತ್ತದೆ. ಸೂರಿನ ಜತೆ ವಿಳಾಸ ಹೋಗುತ್ತದೆ. ವಿಳಾಸ ಹೋದರೆ ಪಡಿತರ ಚೀಟಿ, ಮತದಾರರ ಪಟ್ಟಿಯ ಹೆಸರು, ಮಗುವಿನ ಜಾತಿ ಪ್ರಮಾಣಪತ್ರ ಒಂದೊಂದಾಗಿ ತೊಡಕಾಗುತ್ತವೆ. ‘ಇಂಥವರ ತೋಟ’ ಎಂಬುದೇ ವಿಳಾಸವಾಗಿರುವ ಮನುಷ್ಯನಿಗೆ ‘ವ್ಯಕ್ತಿ ಗೌರವ’ ಎಂಬ ಪೀಠಿಕೆಯ ಮಾತನ್ನು ಯಾವ ಧೈರ್ಯದಿಂದ ಓದಿ ಹೇಳುವುದು?

ಇದಕ್ಕೆ ಉತ್ತರ ಸಂವಿಧಾನದಲ್ಲಿ ಇಲ್ಲದೆ ಇಲ್ಲ. 23ನೇ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸುತ್ತದೆ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದೂ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲಿ ಹೇಳಿದೆ. ಜೀತ ಪದ್ಧತಿ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ಸಂಪತ್ತಿನ ಒಡೆತನ ಎಲ್ಲರ ಹಿತಕ್ಕೆ ಒದಗುವಂತೆ ಹಂಚಿಕೆಯಾಗಬೇಕೆಂದು 39ನೇ ವಿಧಿ, ಪರಿಶಿಷ್ಟರ ಆರ್ಥಿಕ ಹಿತವನ್ನು ವಿಶೇಷ ಕಾಳಜಿಯಿಂದ ಕಾಯಬೇಕೆಂದು 46ನೇ ವಿಧಿ ಸರ್ಕಾರಕ್ಕೆ ನಿರ್ದೇಶಿಸುತ್ತವೆ. ನಿರ್ದೇಶಕ ತತ್ತ್ವಗಳನ್ನು ಕೋರ್ಟಿನ ಮೂಲಕ ಜಾರಿ ಮಾಡಿಸಲಾಗದು ಎಂಬುದು ನಿಜ. ಆದರೂ ಮೂಲಭೂತ ಹಕ್ಕುಗಳು ಮತ್ತು ಈ ತತ್ತ್ವಗಳ ನಡುವಿನ ಸಮತೋಲವೇ, ಸಂಸತ್ತು ಕೂಡ ತಿದ್ದುಪಡಿಯಿಂದ ಕೆಡಿಸಲಾಗದ ಸಂವಿಧಾನದ ಮೂಲರಚನೆಯ ಭಾಗ ಎಂದು 1980ರ ಮಿನರ್ವ ಮಿಲ್ಸ್ ತೀರ್ಪು ಹೇಳಿತು. ಆ ಗಿರಣಿ ಬೆಂಗಳೂರಿನದು. ಮೂಲರಚನೆಯ ಸಿದ್ಧಾಂತ ಹುಟ್ಟಿದ 1973ರ ಪ್ರಕರಣದ ಅರ್ಜಿದಾರರು ನಮ್ಮ ಪಕ್ಕದ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ. ಜಾತ್ಯತೀತತೆ ಮೂಲರಚನೆಯ ಭಾಗವೆಂದು ಸಾರಿದ 1994ರ ತೀರ್ಪು ಎಸ್.ಆರ್. ಬೊಮ್ಮಾಯಿಯವರ ಹೆಸರಿನದು. ಸಂವಿಧಾನದ ಆತ್ಮವನ್ನು ಗುರುತಿಸಿದ ಈ ಮೂರೂ ಮೊಕದ್ದಮೆಗಳಲ್ಲಿ ಕನ್ನಡ ಸೀಮೆಯ ಹೆಸರಿರುವುದು ನನಗೆ ಹೆಮ್ಮೆಯ ವಿಷಯ. ಹೆಮ್ಮೆಯ ಜತೆಗೆ ಹೊಣೆಯೂ ಇದೆ.

ಆ ಹೊಣೆಯಲ್ಲಿ ನಾವು ಸೋತಿದ್ದೇವೆ. ಉಳುವವನೇ ಹೊಲದೊಡೆಯ ಎಂದು 1974ರಲ್ಲಿ ರಾಜ್ಯವೆಲ್ಲ ಕೂಗುತ್ತಿದ್ದಾಗಲೂ ಭೂಸುಧಾರಣಾ ಕಾಯ್ದೆಯ ಮಿತಿಯಿಂದ ಕಾಫಿ, ಟೀ, ರಬ್ಬರ್, ಮೆಣಸು, ಏಲಕ್ಕಿ ತೋಟಗಳಿಗೆ ವಿನಾಯಿತಿ ಇತ್ತು. ತೋಟವನ್ನು ತುಂಡು ಮಾಡಿದರೆ ಬೆಳೆ ಉಳಿಯದು ಎಂಬ ವಾದದಲ್ಲಿ ಹುರುಳಿದೆ ಎಂದೇ ಇಟ್ಟುಕೊಳ್ಳೋಣ. ಆದರೆ ಇತ್ತೀಚಿನ ವರ್ಷಗಳಲ್ಲಿ ಬಂದ ತಿದ್ದುಪಡಿಗೆ ಏನು ಹೇಳುವುದು? ಸರ್ಕಾರಿ ಜಾಗವನ್ನು 2005ಕ್ಕೆ ಮುಂಚೆ ಒತ್ತುವರಿ ಮಾಡಿ ಪ್ಲಾಂಟೇಷನ್ ಬೆಳೆ ಬೆಳೆದವರಿಗೆ 25 ಎಕರೆವರೆಗೆ, 30 ವರ್ಷಕ್ಕೆ ಗುತ್ತಿಗೆ ಕೊಡಲು ಅದು ಅವಕಾಶ ಮಾಡಿತು. ಅದೇ ಪೈಸಾರಿ ಜಾಗದಲ್ಲಿ ಐದು ಸೆಂಟ್ ಕೇಳಿ ತಾಲ್ಲೂಕು ಕಚೇರಿಗೆ ಅಲೆಯುವ ಲೈನ್ ಮನೆಯವರಿಗೆ ಸಿಗುವ ಉತ್ತರ ‘ಜಾಗ ಇಲ್ಲ’. ಒತ್ತುವರಿ ಮಾಡಿಕೊಂಡವರಿಗೆ ಎಕರೆ, ಕಾನೂನಿನಂತೆ ಅರ್ಜಿ ಹಾಕಿದವರಿಗೆ ಸೆಂಟೂ ಇಲ್ಲ ಎನ್ನುವುದು ಯಾವ ವರ್ಗೀಕರಣ? ಕೋವಿಗೆ ಕಾರಣ ಕೇಳಿದ 14ನೇ ವಿಧಿ ಇಲ್ಲೂ ಕಾರಣ ಕೇಳಬೇಕು. ಗುತ್ತಿಗೆಯನ್ನು ವಿರೋಧಿಸಿ ಜಿಲ್ಲೆಯ ದಲಿತ, ಆದಿವಾಸಿ ಸಂಘಟನೆಗಳು ಬೀದಿಗಿಳಿದದ್ದು ಸಂವಿಧಾನದ ಮೂಲ ಉದ್ದೇಶದ ಪರವಾಗಿಯೇ.

2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ಕೆಡವಿದಾಗ ಕರ್ನಾಟಕ ಬೆಚ್ಚಿತು. ಅವರಲ್ಲಿ ಬಹಳಷ್ಟು ಮಂದಿ ಲೈನ್ ಮನೆಗಳನ್ನು ಬಿಟ್ಟು ಬಂದವರು ಎಂಬುದು ಸುದ್ದಿಯ ಗದ್ದಲದಲ್ಲಿ ಮರೆಯಾಯಿತು. ಸ್ವಂತ ವಿಳಾಸವೊಂದು ಬೇಕೆಂದು ಅವರು ಅಲ್ಲಿ ಪ್ಲಾಸ್ಟಿಕ್ ಹೊದಿಸಿ ಕುಳಿತಿದ್ದರು. ಹೋರಾಟದ ನಂತರ ಕುಶಾಲನಗರದ ಬಳಿಯ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಮನೆಗಳಾದವು. 1949ರ ನವೆಂಬರ್ 25ರಂದು ಅಂಬೇಡ್ಕರ್ ತಮ್ಮ ಕೊನೆಯ ದೊಡ್ಡ ಭಾಷಣದಲ್ಲಿ ಎಚ್ಚರಿಸಿದ್ದು ಇದೇ ಬಿರುಕಿನ ಬಗ್ಗೆ: ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ ಇರುವ ವೈರುಧ್ಯದ ಬದುಕಿಗೆ ನಾವು ಕಾಲಿಡುತ್ತಿದ್ದೇವೆ ಎಂದು ಅವರು ಹೇಳಿದರು.

ನಿರ್ಣಯದಲ್ಲಿ ಇಲ್ಲದಿದ್ದ ಒಂದು ತತ್ತ್ವ

ಭ್ರಾತೃತ್ವದ ಮಾತು ಧ್ಯೇಯಗಳ ನಿರ್ಣಯದಲ್ಲಿ ಇರಲಿಲ್ಲ. 1948ರ ಫೆಬ್ರುವರಿ 21ರಂದು ಕರಡನ್ನು ಒಪ್ಪಿಸುತ್ತ ಬರೆದ ಪತ್ರದಲ್ಲಿ ಅಂಬೇಡ್ಕರ್ ಅದನ್ನು ಕರಡು ಸಮಿತಿಯೇ ಸೇರಿಸಿತು ಎಂದು ಹೇಳಿದ್ದಾರೆ. ಅದಕ್ಕೆ ಇಪ್ಪತ್ತೆರಡು ದಿನಗಳ ಹಿಂದೆ ಗಾಂಧೀಜಿಯ ಹತ್ಯೆಯಾಗಿತ್ತು. ಭ್ರಾತೃತ್ವ ಇಲ್ಲದಿದ್ದರೆ ಸಮಾನತೆ, ಸ್ವಾತಂತ್ರ್ಯಗಳು ಬಣ್ಣದ ಲೇಪಕ್ಕಿಂತ ಆಳಕ್ಕೆ ಇಳಿಯುವುದಿಲ್ಲ ಎಂದು ಆಮೇಲೆ ಅವರು ಹೇಳಿದರು.

ಕೊಡಗಿನಲ್ಲಿ ಆ ಲೇಪ ಆಗಾಗ ಕಿತ್ತು ಬರುವುದನ್ನು ಕಂಡಿದ್ದೇವೆ. 2015ರ ನವೆಂಬರಿನಲ್ಲಿ ಟಿಪ್ಪು ಜಯಂತಿಯ ದಿನ ಮಡಿಕೇರಿಯಲ್ಲಿ ಜೀವ ಹೋಯಿತು. 2024ರ ಕೊನೆಯಲ್ಲಿ ಕಟ್ಟೆಮಾಡಿನ ದೇವಸ್ಥಾನದ ಉತ್ಸವದಲ್ಲಿ ಕೊಡವರ ಸಾಂಪ್ರದಾಯಿಕ ಉಡುಪಾದ ಕುಪ್ಯಚೇಲೆ ಉಡುವ ವಿಷಯಕ್ಕೆ, ತಲೆಮಾರುಗಳಿಂದ ಒಂದೇ ಊರಿನಲ್ಲಿ ಇದ್ದ ಎರಡು ಸಮುದಾಯಗಳು ಎದುರುಬದುರಾಗಿ ನಿಂತು ನಿಷೇಧಾಜ್ಞೆ ಹಾಕುವ ಹಂತ ಬಂತು. ಒಂದು ಕಡೆಯವರು ದೇವಸ್ಥಾನದ ಬೈಲಾ ತೋರಿಸಿದರು, ಇನ್ನೊಂದು ಕಡೆಯವರು ತಮ್ಮ ಸಂಸ್ಕೃತಿಯ ಹಕ್ಕು ತೋರಿಸಿದರು. 26ನೇ ವಿಧಿ ಧಾರ್ಮಿಕ ವ್ಯವಹಾರ ನಡೆಸುವ ಹಕ್ಕು ಕೊಡುತ್ತದೆ, 29ನೇ ವಿಧಿ ಸಂಸ್ಕೃತಿ ಉಳಿಸಿಕೊಳ್ಳುವ ಹಕ್ಕು ಕೊಡುತ್ತದೆ. ವಿಧಿಗಳನ್ನು ಹೀಗೆ ಎದುರುಬದುರು ಹಿಡಿದಾಗ ಕೋರ್ಟು ತೀರ್ಪು ಕೊಡಬಹುದು, ಮರುದಿನ ಒಟ್ಟಿಗೆ ಊಟಕ್ಕೆ ಕೂರಿಸಲಾರದು. ಆ ಕೆಲಸ ಊರಿನದು, ಅಲ್ಲಿಯ ಹಿರಿಯರದು, ಮುಖ್ಯವಾಗಿ ಆ ಊರಿನ ಯುವಕರದು. 1934ರಲ್ಲಿ ಹರಿಜನ ಯಾತ್ರೆಯ ಗಾಂಧೀಜಿ ಕೊಡಗಿಗೆ ಬಂದಾಗ ಉಪವಾಸ ಕುಳಿತು ಅವರನ್ನು ಮನೆಗೆ ಕರೆಸಿಕೊಂಡು ಒಡವೆಗಳನ್ನು ಹರಿಜನ ನಿಧಿಗೆ ಒಪ್ಪಿಸಿದ ಕೊಡಗಿನ ಗೌರಮ್ಮ, 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡುವ ಎಷ್ಟೋ ಮುಂಚೆ, ಯಾವ ಕಾನೂನೂ ಹೇಳದೆ ಅದನ್ನು ಮಾಡಿದ್ದರು.

ಹಾಡಿಯ ಗ್ರಾಮಸಭೆ

ಸಂವಿಧಾನ ರಚನಾ ಸಭೆಯಲ್ಲಿ 1946ರ ಡಿಸೆಂಬರ್ 19ರಂದು ಜೈಪಾಲ್ ಸಿಂಗ್ ಮುಂಡಾ, ಬುಡಕಟ್ಟು ಜನರಿಗೆ ನೀವು ಪ್ರಜಾಪ್ರಭುತ್ವ ಕಲಿಸಲಾರಿರಿ, ಅದನ್ನು ಅವರಿಂದ ನೀವು ಕಲಿಯಬೇಕು ಎಂದರು. ಕೊಡಗಿನಲ್ಲಿ ನೂರಕ್ಕೆ ಹತ್ತರಷ್ಟು ಜನ ಪರಿಶಿಷ್ಟ ಪಂಗಡದವರು. ಬೆಟ್ಟಕುರುಬ ಎಂಬ ಹೆಸರು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಲು 2022ರವರೆಗೆ ಕಾಯಬೇಕಾಯಿತು. ಕಾಡುಕುರುಬ ಎಂದು ಪಟ್ಟಿಯಲ್ಲಿದ್ದರೂ ತಾವು ಹೇಳಿಕೊಳ್ಳುವ ಹೆಸರಿಗೆ ಪ್ರಮಾಣಪತ್ರ ಸಿಗುತ್ತಿರಲಿಲ್ಲ. ಕರ್ನಾಟಕದಲ್ಲಿ ಐದನೇ ಪರಿಚ್ಛೇದದ ಅನುಸೂಚಿತ ಪ್ರದೇಶ ಒಂದೂ ಇಲ್ಲದ ಕಾರಣ, ಆದಿವಾಸಿ ಗ್ರಾಮಸಭೆಗಳಿಗೆ ಬಲ ಕೊಟ್ಟ 1996ರ ಕಾಯ್ದೆ ಇಲ್ಲಿಗೆ ಅನ್ವಯಿಸುವುದಿಲ್ಲ. ಉಳಿದಿರುವ ಆಸರೆ 2006ರ ಅರಣ್ಯ ಹಕ್ಕು ಕಾಯ್ದೆ. ಅರಣ್ಯವಾಸಿಗಳಿಗೆ ಚಾರಿತ್ರಿಕ ಅನ್ಯಾಯವಾಗಿದೆ ಎಂದು ತನ್ನ ಪ್ರಸ್ತಾವನೆಯಲ್ಲೇ ಒಪ್ಪಿಕೊಂಡ ಅಪರೂಪದ ಕಾನೂನು ಅದು.

2025ರ ಮೇ ತಿಂಗಳಲ್ಲಿ ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿ ಹಾಡಿಗೆ ಸುಮಾರು ಐವತ್ತು ಜೇನುಕುರುಬ ಕುಟುಂಬಗಳು ಮರಳಿ ಹೋಗಿ ಗುಡಿಸಲು ಹಾಕಿದವು. 1980ರ ದಶಕದಲ್ಲಿ ನಮ್ಮನ್ನು ಇಲ್ಲಿಂದ ಎಬ್ಬಿಸಿದರು, ನಮ್ಮ ಹಿರಿಯರ ಸಮಾಧಿಗಳು, ದೇವರ ನೆಲೆಗಳು ಇಲ್ಲೇ ಇವೆ ಎನ್ನುವುದು ಅವರ ವಾದ. ಅರಣ್ಯ ಇಲಾಖೆ ಒಪ್ಪಲಿಲ್ಲ, ಅವರ ಅರ್ಜಿಗಳು ತಿರಸ್ಕೃತವಾದವು. ಹುಲಿ ಸಂರಕ್ಷಿತ ಪ್ರದೇಶದಲ್ಲಿ ಜನವಸತಿಯ ಪ್ರಶ್ನೆ ಸುಲಭದ್ದಲ್ಲ ಎಂದು ನನಗೂ ಗೊತ್ತು. ಆದರೆ ಪ್ರಶ್ನೆ ಇತ್ಯರ್ಥವಾಗಬೇಕಾದ ಕ್ರಮವನ್ನು ಕಾನೂನು ಬಹಳ ಸ್ಪಷ್ಟವಾಗಿ ಹೇಳಿದೆ. ಹಕ್ಕು ಪರಿಶೀಲನೆ ಮುಗಿಯುವವರೆಗೆ ಅರಣ್ಯವಾಸಿಯನ್ನು ಎಬ್ಬಿಸುವ ಹಾಗಿಲ್ಲ. ಅರ್ಜಿಯನ್ನು ಮೊದಲು ನೋಡುವುದು ಗ್ರಾಮಸಭೆ, ಅಧಿಕಾರಿಯಲ್ಲ. ಅನಂತರ ಉಪವಿಭಾಗ ಮಟ್ಟದ ಸಮಿತಿ, ಕೊನೆಗೆ ಜಿಲ್ಲಾ ಮಟ್ಟದ ಸಮಿತಿ. ತಿರಸ್ಕರಿಸುವುದಾದರೆ ಕಾರಣಗಳನ್ನು ವಿವರವಾಗಿ ದಾಖಲಿಸಬೇಕು, ಅರ್ಜಿದಾರರಿಗೆ ಖುದ್ದಾಗಿ ತಿಳಿಸಬೇಕು, ಮೇಲಿನ ಸಮಿತಿಗೆ ಹೋಗಲು ಅವರಿಗೆ 60 ದಿನಗಳ ಅವಕಾಶ ಕೊಡಬೇಕು.

ಹಾಡಿಗಳಲ್ಲಿ ಕೆಲಸ ಮಾಡುವವರು, ಪಂಚಾಯಿತಿ ಸದಸ್ಯರು, ಕಾಲೇಜು ಓದುತ್ತಿರುವ ಅಲ್ಲಿಯ ಹುಡುಗ ಹುಡುಗಿಯರು ಮಾಡಬಹುದಾದ ಒಂದು ಕೆಲಸ ಇದೆ. ತಮ್ಮ ಹಾಡಿಯಲ್ಲಿ ತಿರಸ್ಕೃತವಾದ ಪ್ರತಿಯೊಂದು ಅರ್ಜಿಯ ಆದೇಶವನ್ನು ತೆಗೆಸಿ, ಅದರಲ್ಲಿ ಕಾರಣ ಬರೆದಿದೆಯೇ, ಅದು ಅರ್ಜಿದಾರರ ಕೈಗೆ ತಲುಪಿದೆಯೇ, ತಲುಪಿದ ದಿನಾಂಕ ಯಾವುದು ಎಂದು ನೋಡಬೇಕು. ಕಾರಣವಿಲ್ಲದ ಆದೇಶ, ಕೈಗೆ ತಲುಪದ ಆದೇಶ ಸಿಕ್ಕರೆ ಮುಂದಿನ ಗ್ರಾಮಸಭೆಯಲ್ಲಿ ಅದನ್ನು ನಡಾವಳಿ ಪುಸ್ತಕಕ್ಕೆ ಬರೆಸಿ, ಅರ್ಜಿಯನ್ನು ಮತ್ತೆ ಪರಿಶೀಲಿಸುವಂತೆ ನಿರ್ಣಯ ಮಾಡಿ ಉಪವಿಭಾಗಾಧಿಕಾರಿಗೆ ಕಳುಹಿಸಿ ಸ್ವೀಕೃತಿ ಪಡೆಯಬೇಕು.